ಯಾವ ಡಾಕ್ಟರು, ಸ್ವಾಮಿ?

‘ವೈದ್ಯರ ಸಲಹೆ ಪಡೆಯಿರಿ’ ಅನ್ನುವ ಈ ಮೂರು ಪದಗಳನ್ನು ಒಂದೈದು ವರ್ಷ ಬ್ಯಾನ್ ಮಾಡಬೇಕು. ಮಾತ್ರೆ ಡಬ್ಬಿಯ ಮೇಲೆ ಅದೇ, ಪೇಪರಿನ ಆರೋಗ್ಯ ಪುರವಣಿಯ ಕೊನೇ ಸಾಲಿನಲ್ಲಿ ಅದೇ, ಟೀವಿಯಲ್ಲಿ ಅರ್ಧ ಗಂಟೆ ಮಾತಾಡಿದ ತಜ್ಞರು ಎದ್ದು ಹೋಗುವ ಮುಂಚೆ ಹೇಳುವುದೂ ಅದೇ. ಹೇಳಿದವರ ಜವಾಬ್ದಾರಿ ಅಲ್ಲಿಗೆ ಮುಗೀತು, ಕೇಳಿಸಿಕೊಂಡವರದು ಶುರುವಾಯ್ತು.

ಸರಿ, ಸಲಹೆ ಪಡೆಯೋಣ. ಯಾವ ವೈದ್ಯರದು? ನಿಮ್ಮ ಅಪ್ಪನಿಗೋ ಅಮ್ಮನಿಗೋ ಅರವತ್ತೈದು ದಾಟಿದ್ದರೆ ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. ಹಾರ್ಟಿಗೆ ಒಬ್ಬರು, ಶುಗರಿಗೆ ಒಬ್ಬರು, ಮಂಡಿ ನೋವಿಗೆ ಒಬ್ಬರು, ಹಲ್ಲಿಗೆ ಒಬ್ಬರು. ಊರಲ್ಲಿ ನೆಗಡಿ ಜ್ವರ ಬಂದರೆ ಮೂವತ್ತು ವರ್ಷದಿಂದ ತೋರಿಸುತ್ತಿರುವ ಹಳೇ ಡಾಕ್ಟರು. ಸಾಲದ್ದಕ್ಕೆ ವಾಟ್ಸಾಪಿನಲ್ಲಿ ಕಷಾಯ ಕಳಿಸುವ ಸೋದರತ್ತೆ. ಇವರಲ್ಲಿ ಯಾರ ಹತ್ತಿರವೂ ಇನ್ನೊಬ್ಬರು ಬರೆದ ಚೀಟಿ ಇರುವುದಿಲ್ಲ. ಎಲ್ಲ ಚೀಟಿಗಳೂ ಒಟ್ಟಿಗೆ ಸೇರುವ ಜಾಗ ಒಂದೇ, ಅಪ್ಪನ ಹೊಟ್ಟೆ.

ಎಷ್ಟೋ ಮಾತ್ರೆಗಳ ವಿಷಯದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಹೃದಯ ಬಡಿತದ ಲಯ ಸರಿಪಡಿಸುವ ಮಾತ್ರೆಗಳ ವಿಷಯದಲ್ಲಿ ನಡೆಯುವುದಿಲ್ಲ.

ಅಮಿಯೊಡರೋನ್ ಅನ್ನುವ ಮಾತ್ರೆಯನ್ನೇ ತಗೊಳ್ಳಿ. 1961ರಲ್ಲಿ ಬೆಲ್ಜಿಯಂನಲ್ಲಿ ಎದೆನೋವಿಗೆಂದು ತಯಾರಾದದ್ದು. ಲಯ ತಪ್ಪಿದ ಹೃದಯವನ್ನು ಹಳಿಗೆ ತರುತ್ತದೆ ಅಂತ ಆಮೇಲೆ ಗೊತ್ತಾಯಿತು. ಕೆಲಸದಲ್ಲಿ ಗಟ್ಟಿಗ, ಬೇರೆ ಮಾತ್ರೆ ಸೋತ ಕಡೆ ಇದು ಗೆದ್ದ ಉದಾಹರಣೆ ಬೇಕಾದಷ್ಟಿವೆ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದರ ಸ್ವಭಾವ ಗೊತ್ತಿರಬೇಕು. ನೆಂಟರಲ್ಲಿ ಕೆಲವರು ಇರುತ್ತಾರಲ್ಲ, ಬಂದರೆ ಹೊರಡುವ ಮಾತೇ ಇಲ್ಲ, ಇದ್ದಷ್ಟು ದಿನ ಬಚ್ಚಲಿಗೂ ಅಡ್ಡ, ಅಡುಗೆಮನೆಗೂ ಅಡ್ಡ. ಹಾಗೆ. ಪ್ಯಾರಾಸಿಟಮಾಲ್ ನುಂಗಿದರೆ ಎರಡು ಮೂರು ಗಂಟೆಯಲ್ಲಿ ಅದರ ಅರ್ಧ ಭಾಗ ರಕ್ತದಿಂದ ಹೊರಟುಹೋಗಿರುತ್ತದೆ. ಬಹಳ ದಿನ ತಿಂದ ಅಮಿಯೊಡರೋನ್ ಅರ್ಧಕ್ಕಿಳಿಯಲು ಸರಾಸರಿ 58 ದಿನ ಬೇಕು. ಕೆಲವರಲ್ಲಿ 15, ಇನ್ನು ಕೆಲವರಲ್ಲಿ 142. ಯುಗಾದಿಗೆ ನಿಲ್ಲಿಸಿದ ಮಾತ್ರೆ ಗಣೇಶನ ಹಬ್ಬದ ಹೊತ್ತಿಗೂ ಅಷ್ಟಿಷ್ಟು ಮೈಯಲ್ಲಿ ಉಳಿದಿರಬಹುದು. ‘ಈಗ ಯಾವ್ಯಾವ ಮಾತ್ರೆ ತಗೋತಿದೀರಿ?’ ಅಂತ ಹಲ್ಲಿನ ಡಾಕ್ಟರು ಕೇಳಿದಾಗ ಅಪ್ಪ ಅದರ ಹೆಸರು ಹೇಳುವುದಿಲ್ಲ. ಯಾಕೆ ಹೇಳಬೇಕು? ನಿಲ್ಲಿಸಿ ತಿಂಗಳಾಯ್ತಲ್ಲ. ಅಪ್ಪನ ಉತ್ತರ ಪ್ರಾಮಾಣಿಕವಾದದ್ದೇ, ಪ್ರಶ್ನೆಯೇ ಸರಿಯಿಲ್ಲ.

ಇನ್ನೊಂದು ಗುಣ. ನಮ್ಮ ಲಿವರಿನಲ್ಲಿ ಔಷಧಗಳನ್ನು ಒಡೆದು ಹೊರಗೆ ಕಳಿಸುವ ಕಿಣ್ವಗಳಿವೆ. ನೆಲಮಂಗಲದ ಟೋಲ್ ಅಂದುಕೊಳ್ಳಿ. ಅಮಿಯೊಡರೋನ್ ಬಂದು ಅಲ್ಲಿನ ಅರ್ಧ ಗೇಟು ಮುಚ್ಚಿಸುತ್ತದೆ. ಹಬ್ಬದ ರಜೆ ಮುಗಿಸಿ ಭಾನುವಾರ ಸಂಜೆ ಬೆಂಗಳೂರಿಗೆ ವಾಪಸು ಬಂದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಾರ್ಫರಿನ್, ಅಸಿನೋಕೌಮರಾಲ್ ಮಾತ್ರೆಗಳು ಹೊರಗೆ ಹೋಗಲಾರದೆ ಒಳಗೇ ಸಾಲುಗಟ್ಟುತ್ತವೆ. ಲಯ ತಪ್ಪಿದ ಹೃದಯದಲ್ಲಿ ರಕ್ತ ಗಂಟುಕಟ್ಟುತ್ತದೆ ಅಂತಲೇ ಈ ಮಾತ್ರೆಗಳನ್ನೂ ಕೊಡುವುದು, ಅಂದರೆ ಇವೆರಡೂ ಒಟ್ಟಿಗೆ ಬರುವುದು ಅಪರೂಪವೇನಲ್ಲ. ಜೊತೆಗೆ ಕೊಡುವಾಗ ವಾರ್ಫರಿನ್ ಡೋಸನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸಿ, ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಅಂತ ಔಷಧದ ಲೇಬಲ್ಲೇ ವೈದ್ಯರಿಗೆ ಹೇಳುತ್ತದೆ. ಪರಿಣಾಮ ಮೂರು ನಾಲ್ಕು ದಿನಕ್ಕೆ ಶುರುವಾಗಿ ವಾರಗಟ್ಟಲೆ ಏರುತ್ತಾ ಹೋಗುತ್ತದೆ. ಆಸ್ಪತ್ರೆಯಿಂದ ಬಿಡುವ ದಿನ ರಿಪೋರ್ಟು ನಾರ್ಮಲ್. ಮೂರನೇ ವಾರ ಹಲ್ಲುಜ್ಜುವಾಗ ವಸಡಿನಿಂದ ರಕ್ತ.

ನಮ್ಮ ದೊಡ್ಡಪ್ಪನದು ವಾರ್ಫರಿನ್ ಕಥೆಯಲ್ಲ, ಡಿಜಾಕ್ಸಿನ್ನಿನದು. ಅವರಿಗೆ ಎಪ್ಪತ್ತೊಂದು. ಊರಿನ ಡಾಕ್ಟರು ವರ್ಷಗಳ ಹಿಂದೆಯೇ ಡಿಜಾಕ್ಸಿನ್ ಕೊಟ್ಟಿದ್ದರು, ಅದು ಅವರಿಗೆ ಒಗ್ಗಿತ್ತು. ಒಂದು ದಿನ ಎದೆ ಡವಡವ ಜಾಸ್ತಿಯಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿ ಅಮಿಯೊಡರೋನ್ ಶುರು ಮಾಡಿದರು. ಡಿಸ್ಚಾರ್ಜ್ ಸಮರಿ ಆರು ಪುಟ, ಬಣ್ಣದ ಲೋಗೋ, ಊಟದ ಪಟ್ಟಿ, ಫೀಡ್‌ಬ್ಯಾಕ್ ಕೊಡಲು ಕ್ಯೂಆರ್ ಕೋಡು. ಹಳೇ ಮಾತ್ರೆಗಳ ಬಗ್ಗೆ ಇದ್ದದ್ದು ಒಂದೇ ಸಾಲು: ಉಳಿದ ಔಷಧಗಳನ್ನು ಮುಂದುವರಿಸಿ.

ಅಮಿಯೊಡರೋನ್ ಸೇರಿದರೆ ರಕ್ತದಲ್ಲಿ ಡಿಜಾಕ್ಸಿನ್ ಪ್ರಮಾಣ ಒಂದೇ ದಿನದಲ್ಲಿ ಶೇ 70ರಷ್ಟು ಏರಬಹುದು. ಡಿಜಾಕ್ಸಿನ್ ನಿಲ್ಲಿಸಿ ಅಥವಾ ಅರ್ಧಕ್ಕಿಳಿಸಿ ಅನ್ನುವುದೂ ಲೇಬಲ್ಲಿನಲ್ಲೇ ಇರುವ ಮಾತು, ಯಾವ ಗುಟ್ಟೂ ಅಲ್ಲ. ಡಿಜಾಕ್ಸಿನ್ನಿನಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಡಿಮೆ. ವಿಷವಾದಾಗ ಮೊದಲು ಕಾಣುವುದೇನು ಗೊತ್ತೇ? ಎದೆನೋವಲ್ಲ. ಊಟ ಸೇರದು, ಹೊಟ್ಟೆ ತೊಳೆಸು, ವಾಂತಿ. ದೊಡ್ಡಪ್ಪನಿಗೂ ಹಾಗೇ ಆಯ್ತು. ನಮ್ಮ ನಾಡಿನಲ್ಲಿ ಹೊಟ್ಟೆ ತೊಳೆಸಿದರೆ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್ಕು. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಗ್ಯಾಸಿನ ಮಾತ್ರೆ ಕೊಟ್ಟರು, ಹೆಸರಿನ ಕೊನೆಗೆ ‘ಡಿ’ ಇರುತ್ತದಲ್ಲ, ಆ ಜಾತಿಯದು.

ಆ ‘ಡಿ’ ಅಂದರೆ ಡೊಂಪೆರಿಡೋನ್. ಅದೂ ಹೃದಯದ ವಿದ್ಯುತ್ತಿನ ಲಯವನ್ನು ಎಳೆದಾಡಬಲ್ಲ ಔಷಧವೇ. ಅಮಿಯೊಡರೋನ್ ತಿನ್ನುವವರಿಗೆ ಕೊಡಲೇಬಾರದ ಪಟ್ಟಿಯಲ್ಲಿದೆ. ಯುರೋಪಿನಲ್ಲಿ 2014ರಲ್ಲೇ ಅದಕ್ಕೆ ಮೂಗುದಾರ ಹಾಕಿದರು: ಒಮ್ಮೆಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ. ನಮ್ಮಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಸೇರಿಸಿ 30 ಮಿಲಿಗ್ರಾಮಿನ ಕ್ಯಾಪ್ಸೂಲು ಮಾರುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದನ್ನು ನುಂಗಿಯೇ ಕಾಫಿ ಕುಡಿಯುವ ಜನ ಪ್ರತಿ ಬೀದಿಯಲ್ಲೂ ಇದ್ದಾರೆ, ವರ್ಷಗಟ್ಟಲೆ. ನಿಮ್ಮ ಆಫೀಸಿನ ಡ್ರಾಯರಿನಲ್ಲೂ ಒಂದು ಸ್ಟ್ರಿಪ್ ಇರಬಹುದು, ನೋಡಿ.

ಏನಾಯ್ತು ಅಂತ ಗಮನಿಸಿದಿರಾ? ಎರಡು ಮಾತ್ರೆ ಸೇರಿ ಒಂದು ತೊಂದರೆ ಹುಟ್ಟಿಸಿದವು. ಆ ತೊಂದರೆಯನ್ನು ಹೊಸ ರೋಗ ಅಂತ ತಿಳಿದು ಮೂರನೇ ಮಾತ್ರೆ ಬಂತು. ಅದೂ ಮೊದಲಿನದರ ಜೊತೆ ಜಗಳಕ್ಕೆ ನಿಂತಿತು. ದೊಡ್ಡಪ್ಪ ನಾಲ್ಕನೇ ವಾರ ಬಚ್ಚಲ ಬಾಗಿಲಲ್ಲಿ ಕುಸಿದರು. ನಾಡಿ ನಿಮಿಷಕ್ಕೆ 38. ಪುಣ್ಯಕ್ಕೆ ಮನೆಯಲ್ಲಿ ಜನ ಇದ್ದರು, ಉಳಿದುಕೊಂಡರು. ಐಸಿಯು ಹೊರಗೆ ನಿಂತಿದ್ದ ದೊಡ್ಡಮ್ಮನಿಗೆ ಬಿಳಿ ಕೋಟಿನ ಹುಡುಗನೊಬ್ಬ ಹೇಳಿದ್ದು: ‘ಡಿಜಾಕ್ಸಿನ್ ತಗೋತಿದ್ರು ಅಂತ ನೀವು ಮೊದ್ಲೇ ಹೇಳ್ಬೇಕಿತ್ತಲ್ವಾ ಅಮ್ಮಾ.’

ಏಳನೇ ಕ್ಲಾಸು ಓದಿದ ದೊಡ್ಡಮ್ಮ ಹೇಳಬೇಕಿತ್ತಂತೆ. ಅವರು ಹೇಳಿದ್ದರು ಕೂಡ. ಮಾತ್ರೆಗಳನ್ನು ಸ್ಟೀಲ್ ಡಬ್ಬಿ ಸಮೇತ ತಂದು ನರ್ಸಿನ ಮೇಜಿನ ಮೇಲೆ ಇಟ್ಟಿದ್ದರು. ಕೇಸ್ ಶೀಟಿನಲ್ಲಿ ಬರೆದುಕೊಂಡೂ ಇದ್ದರು. ಬರೆದುಕೊಂಡದ್ದನ್ನು ಹೊಸ ಮಾತ್ರೆಯ ಪಕ್ಕದಲ್ಲಿಟ್ಟು ನೋಡುವ ಕೆಲಸ ಯಾರದ್ದು ಅಂತ ಮಾತ್ರ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದು ಒಂದು ಮನೆಯ ಕಥೆ, ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ ಅನ್ನುವವರಿಗೆ ಕೆನಡಾದ ಲೆಕ್ಕ ಕೊಡುತ್ತೇನೆ. ಒಂಟಾರಿಯೋ ಪ್ರಾಂತದಲ್ಲಿ ವಯಸ್ಸಾದವರಿಗೆ ಬರೆದುಕೊಟ್ಟ ಔಷಧಗಳ ದಾಖಲೆಯನ್ನೂ ಆಸ್ಪತ್ರೆಗೆ ಸೇರಿದವರ ದಾಖಲೆಯನ್ನೂ ಜೋಡಿಸಿ ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಡಿಜಾಕ್ಸಿನ್ ವಿಷವೇರಿ ಆಸ್ಪತ್ರೆ ಸೇರಿದವರು ಅದಕ್ಕೆ ಹಿಂದಿನ ವಾರದಲ್ಲಿ ಕ್ಲಾರಿತ್ರೊಮೈಸಿನ್ ಅನ್ನುವ ಮಾಮೂಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದ ಸಾಧ್ಯತೆ ಉಳಿದವರಿಗಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚಿತ್ತು. ಹನ್ನೆರಡು ಪಟ್ಟು! ಗಂಟಲು ಕೆರೆತಕ್ಕೋ ಕೆಮ್ಮಿಗೋ ಕೊಟ್ಟದ್ದು. ಈ ಥರದ ಲೆಕ್ಕ ಹಾಕಬೇಕಾದರೆ ಯಾರಿಗೆ ಯಾವ ದಿನ ಯಾವ ಮಾತ್ರೆ ಹೋಯಿತು ಅನ್ನುವುದು ಒಂದು ಕಡೆ ಬರೆದಿರಬೇಕು. ನಮ್ಮಲ್ಲಿ ಅದು ಎಲ್ಲಿ ಬರೆದಿರುತ್ತದೆ? ಮೆಡಿಕಲ್ ಶಾಪಿನವರು ಬಿಲ್ಲು ಕೊಟ್ಟರೆ ಆ ಬಿಲ್ಲಿನಲ್ಲಿ. ಈಗ 14 ಅಂಕಿಯ ಆಭಾ ನಂಬರು ಬಂದಿದೆ, ದಾಖಲೆಗಳೆಲ್ಲ ಒಂದೆಡೆ ಸೇರುತ್ತವೆ ಅನ್ನುತ್ತಾರೆ. ಸೇರಲಿ, ಸಂತೋಷ. ಸೇರಿದ್ದನ್ನು ಓದುವವರು ಯಾರು?

ಓದಬೇಕಾದವರು ಇದ್ದಾರೆ. ಅವರಿಗೆ ಫಾರ್ಮಸಿಸ್ಟ್ ಅನ್ನುತ್ತಾರೆ.

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಕೇಳಿ. ಚೀಟಿಯ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಆಗಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಫಾರ್ಮಸಿಸ್ಟ್ ಆದವರು ರೋಗಿಗೆ ಔಷಧದ ಬಗ್ಗೆ ತಿಳಿಹೇಳಬೇಕು, ಒಂದಕ್ಕೊಂದು ಹೊಂದದ ಔಷಧಗಳಿದ್ದರೆ ಅದನ್ನೂ ಹೇಳಬೇಕು ಅನ್ನುತ್ತವೆ. ಓದಿದರೆ ಕಣ್ಣು ತುಂಬಿ ಬರುತ್ತದೆ, ಅಷ್ಟು ಚೆನ್ನಾಗಿದೆ. ಈಗ ನಿಮ್ಮ ರಸ್ತೆಯ ಮೆಡಿಕಲ್ ಶಾಪಿಗೆ ಹೋಗಿ ಫಾರ್ಮಸಿಸ್ಟ್ ಯಾರು ಅಂತ ಕೇಳಿ. ಗೋಡೆಯ ಮೇಲೆ, ದೇವರ ಫೋಟೋ ಪಕ್ಕ, ಕಟ್ಟು ಹಾಕಿಸಿದ ಲೈಸೆನ್ಸಿನಲ್ಲಿ ಅವರ ಹೆಸರಿದೆ. ‘ಸರ್ ಹೊರಗಡೆ ಹೋಗಿದ್ದಾರೆ’ ಅನ್ನುತ್ತಾನೆ ಕೌಂಟರಿನ ಹುಡುಗ. ನಮ್ಮ ಬೀದಿಯ ಸರ್ ಮೂರು ವರ್ಷದಿಂದ ಹೊರಗಡೆಯೇ ಇದ್ದಾರೆ. ಆ ಹುಡುಗ ಪಾಪ ಬುದ್ಧಿವಂತ, ಡಾಕ್ಟರ ಕೈಬರಹ ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ಸಂಬಳದಲ್ಲಿ ಅವನಿಂದ ಇದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ.

ಹಾಗಾದರೆ ಓದಿದ ಫಾರ್ಮಸಿಸ್ಟುಗಳು ಎಲ್ಲಿ ಹೋದರು? ನನ್ನ ಹೊಟ್ಟೆಪಾಡೇ ಅದಾದ್ದರಿಂದ ನಾನು ಹೇಳಬಲ್ಲೆ. 2008ರಲ್ಲಿ ನಮ್ಮ ದೇಶದಲ್ಲಿ ಫಾರ್ಮ್ ಡಿ ಕೋರ್ಸು ಶುರುವಾಯಿತು. ಆರು ವರ್ಷದ ಓದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ತರಬೇತಿ. ಯಾವ ಮಾತ್ರೆ ಯಾವುದರ ಜೊತೆ ಹೊಂದುವುದಿಲ್ಲ ಅನ್ನುವುದೇ ಅವರ ವಿದ್ಯೆ. ಈ ಓದು ಮುಗಿಸಿದ ಎಷ್ಟೋ ಮಂದಿ ನನ್ನ ಹಾಗೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಔಷಧ ಸುರಕ್ಷತೆಯ ಕಂಪನಿಗಳಲ್ಲಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಯಾವುದೋ ಊರಿನ ಅಜ್ಜಿಗೆ ಯಾವ ಮಾತ್ರೆಯಿಂದ ತಲೆಸುತ್ತು ಬಂತು, ಜೊತೆಗೆ ಇನ್ನೇನು ತಿಂದಿದ್ದಳು, ಎಷ್ಟು ದಿನದ ಮೇಲೆ ಸರಿಹೋಯಿತು ಅಂತ ಒಂದೊಂದನ್ನೂ ಸಾಲು ಬಿಡದೆ ದಾಖಲಿಸುತ್ತೇವೆ. ತಡವಾದರೆ ಕಂಪನಿಗೆ ಮೇಲಿನಿಂದ ಛೀಮಾರಿ. ಶಿಫ್ಟ್ ಮುಗಿಸಿ ಕೆಳಗಿಳಿದರೆ ಟೆಕ್ ಪಾರ್ಕಿನ ಎದುರೇ ಮೆಡಿಕಲ್ ಶಾಪು. ಅಲ್ಲಿ ನಮ್ಮೂರ ಅಜ್ಜಿಗೆ ಅಜಿತ್ರೊಮೈಸಿನ್ ಮೂರು ಮಾತ್ರೆಯ ಸ್ಟ್ರಿಪ್ಪು ಚೀಟಿ ಇಲ್ಲದೆ ಸಿಗುತ್ತಿರುತ್ತದೆ. ಅದು ಹೃದಯದ ಲಯ ಕೆಡಿಸಿ ಪ್ರಾಣಕ್ಕೇ ಎರವಾಗಬಹುದು ಅಂತ ಅಮೆರಿಕದ ಎಫ್‌ಡಿಎ ಎಚ್ಚರಿಸಿದ್ದು 2013ರಲ್ಲಿ. ಎಲ್ಲರಿಗೂ ಅಲ್ಲ, ಈಗಾಗಲೇ ಲಯದ ತೊಂದರೆ ಇರುವವರಿಗೆ, ಅದರ ಮಾತ್ರೆ ತಿನ್ನುವವರಿಗೆ ಅಪಾಯ ಜಾಸ್ತಿ. ‘ಹಾರ್ಟಿನ ಮಾತ್ರೆ ಏನಾದ್ರೂ ತಗೋತೀರಾ ಅಜ್ಜಿ?’ ಅನ್ನುವ ಒಂದು ಪ್ರಶ್ನೆ ಸಾಕಿತ್ತು. ಕೇಳುವುದಕ್ಕೆ ಸಂಬಳ ಕೊಡುವವರಿಲ್ಲ.

ನೀವು ಮೆಡಿಕಲ್ ಶಾಪಿಗೆ ಹೋಗುವುದೇ ಇಲ್ಲ ಅನ್ನುತ್ತೀರಾ? ಗೊತ್ತು, ಆಪ್‌ನಲ್ಲಿ ತರಿಸುತ್ತೀರಿ. ದಾವಣಗೆರೆಯಲ್ಲಿರುವ ಅಪ್ಪನಿಗೆ ಬೆಂಗಳೂರಿನಿಂದ ಆರ್ಡರು, ಶೇ 20 ಡಿಸ್ಕೌಂಟು, ತಿಂಗಳಾ ತಿಂಗಳಾ ತಾನಾಗೇ ರೀಫಿಲ್ಲು. ಅನುಕೂಲ ಅಂದರೆ ಅನುಕೂಲವೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಈ ಆಪ್‌ಗಳ ಬಗ್ಗೆ ನನ್ನ ಸಿಟ್ಟು ಅಂಗಡಿಯ ಹುಡುಗನ ಮೇಲಿನದಕ್ಕಿಂತ ಹತ್ತು ಪಟ್ಟು. ಯಾಕೆಂದರೆ ಇವರಿಗೆ ಗೊತ್ತಿದೆ. ಹೋದ ತಿಂಗಳು ಅಮಿಯೊಡರೋನ್ ಕಳಿಸಿದ್ದು ಇವರೇ, ಈ ತಿಂಗಳು ಡೊಂಪೆರಿಡೋನ್ ಕಳಿಸುವುದೂ ಇವರೇ, ಎರಡೂ ಒಂದೇ ಸರ್ವರಿನಲ್ಲಿವೆ. ಡಯಾಪರ್ ಕೊಂಡರೆ ಬೇಬಿ ಸೋಪು ಬೇಕಾ ಅಂತ ಕೇಳುವಷ್ಟು ಜಾಣತನ ಇದೆ. ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಅನ್ನುತ್ತದೆ. ‘ಇದನ್ನು ತಿನ್ನುವವರು ಇದನ್ನು ತಿನ್ನಬಾರದು’ ಅಂತ ನಾನು ಬಳಸಿ ನೋಡಿದ ಒಂದು ಆಪ್ ಕೂಡ ಕಾರ್ಟಿನಲ್ಲಿ ತಡೆದು ಹೇಳಲಿಲ್ಲ. ಮಾತ್ರೆಯ ಪುಟದ ತೀರಾ ಕೆಳಗೆ, ಇಂಗ್ಲಿಷಿನಲ್ಲಿ, ಮಡಚಿಟ್ಟ ಪ್ಯಾರಾದೊಳಗೆ ಎಲ್ಲವೂ ಇದೆ. ಕೊನೆಗೆ ನಮ್ಮ ಮೂರು ಪದವೂ ಇದೆ. ಇದನ್ನು ಓದುತ್ತಿರುವವರಲ್ಲಿ ಅಂಥ ಆಪ್ ಕಟ್ಟುವವರೇ ಎಷ್ಟೋ ಜನ ಇದ್ದೀರಿ. ಎರಡು ಪಟ್ಟಿ ಹೋಲಿಸಿ ಒಂದು ಕೆಂಪು ಪಟ್ಟಿ ತೋರಿಸುವುದು ಎಷ್ಟು ಸ್ಪ್ರಿಂಟಿನ ಕೆಲಸ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಭಾಷೆ. ಅಮಿಯೊಡರೋನ್ ಜೊತೆ ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸರಿಯಾದ ಮಾತೇ. ಅದರ ರಸ ಕುಡಿದವರ ರಕ್ತದಲ್ಲಿ ಆ ಔಷಧದ ಗರಿಷ್ಠ ಮಟ್ಟ ಶೇ 84ರಷ್ಟು ಏರಿದ್ದನ್ನು ಅಳೆದು ನೋಡಿದ್ದಾರೆ. ಆದರೆ ನಮ್ಮ ಹಳ್ಳಿ, ಪೇಟೆಯಲ್ಲಿ ಗ್ರೇಪ್‌ಫ್ರೂಟ್ ಯಾರು ನೋಡಿದ್ದಾರೆ? ಇಂಗ್ಲಿಷಿನ ಆ ಸಾಲು ಮೊಮ್ಮಕ್ಕಳ ಬಾಯಲ್ಲಿ ಕನ್ನಡವಾಗಿ, ದ್ರಾಕ್ಷಿ ಬಿಟ್ಟು ಕೂತ ಹಿರಿಯರು ನನಗೆ ಗೊತ್ತಿದ್ದಾರೆ. ದ್ರಾಕ್ಷಿಗೂ ಅದಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆಯೇ ಇಲ್ಲ. ನಿಜವಾದ ನೆಂಟ ಯಾರು ಗೊತ್ತೇ? ಚಕ್ಕೋತ. ಚಕ್ಕೋತಕ್ಕೂ ಕಿತ್ತಳೆಗೂ ಬೆರಕೆಯಾಗಿ ಹುಟ್ಟಿದ್ದೇ ಗ್ರೇಪ್‌ಫ್ರೂಟ್. ಲಿವರಿನಲ್ಲೂ ಕರುಳಿನಲ್ಲೂ ಇರುವ ಕಿಣ್ವವನ್ನು ಕರುಳಿನಲ್ಲೇ ಕಟ್ಟಿಹಾಕುವ ರಾಸಾಯನಿಕ ಚಕ್ಕೋತದಲ್ಲೂ ಇದೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ, ಏರ್‌ಪೋರ್ಟ್ ರಸ್ತೆಯ ಬದಿಯಲ್ಲಿ ಕೊಂಡು ತಂದು ಅಪ್ಪನಿಗೆ ಕೊಡುವವರೂ ಇದ್ದಾರೆ. ಎಚ್ಚರಿಕೆ ಚೀಟಿಯಲ್ಲಿ ಆ ಹಣ್ಣಿನ ಹೆಸರಿಲ್ಲ, ಯಾಕೆಂದರೆ ಆ ಚೀಟಿ ಬರೆದವರು ನಮಗಾಗಿ ಬರೆದದ್ದಲ್ಲ. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವಿನ ಕಥೆಯೂ ಅಷ್ಟೇ. ದಿನವೂ ಕುಡಿದರೆ ಅದು ದೇಹದ ಪೊಟ್ಯಾಷಿಯಂ ಇಳಿಸುತ್ತದೆ, ಪೊಟ್ಯಾಷಿಯಂ ಇಳಿದರೆ ಡಿಜಾಕ್ಸಿನ್ ಬೇಗ ವಿಷವಾಗುತ್ತದೆ. ವಾರ್ಫರಿನ್ ತಿನ್ನುವವರಿಗೆ ‘ಸೊಪ್ಪು ಮುಟ್ಟಬೇಡಿ’ ಅನ್ನುವುದಂತೂ ಶುದ್ಧ ಸೋಮಾರಿತನ. ಬಸ್ಸಾರು ಮಸ್ಸೊಪ್ಪು ಉಣ್ಣುವ ಮನೆಯಲ್ಲಿ ಅದು ನಡೆಯುವ ಮಾತೇ? ವಾರವಾರವೂ ಸುಮಾರು ಅಷ್ಟೇ ಸೊಪ್ಪು ತಿನ್ನಿ, ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಶೂನ್ಯ ಮಾಡಬೇಡಿ, ಅದಕ್ಕೆ ಹೊಂದಿಸಿ ಡೋಸ್ ಕೊಡುತ್ತೇವೆ ಅನ್ನಬೇಕಾದ್ದು.

ಇಷ್ಟು ಬರೆದರೆ ಎರಡು ಆಕ್ಷೇಪಣೆ ಬರುತ್ತವೆ. ಡಾಕ್ಟರಿಗೆ ಒಪಿಡಿಯಲ್ಲಿ ನೂರು ಜನ, ಇದನ್ನೆಲ್ಲ ನೋಡುತ್ತಾ ಕೂರಲು ಪುರುಸೊತ್ತೆಲ್ಲಿ ಅನ್ನುವುದು ಒಂದು. ನಿಜ, ಅದಕ್ಕೇ ನಾನು ಅವರನ್ನು ಬಯ್ಯುತ್ತಿಲ್ಲ. ನೂರಾರು ಜೋಡಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ ಅಂತ ಒಬ್ಬ ಮನುಷ್ಯನ ತಲೆಗೆ ಹೊರಿಸುವುದೇ ಮೂರ್ಖತನ. ದೊಡ್ಡ ಆಸ್ಪತ್ರೆಯಲ್ಲಿ ಪಾರ್ಕಿಂಗಿಗೆ ಸಾಫ್ಟ್‌ವೇರ್ ಇದೆ, ಇನ್ಶೂರೆನ್ಸಿಗೆ ಪ್ರತ್ಯೇಕ ಡೆಸ್ಕ್ ಇದೆ. ಡಿಸ್ಚಾರ್ಜಿಗೆ ಮುಂಚೆ ಹಳೇ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಇಟ್ಟು ನೋಡಿ ಸಹಿ ಹಾಕುವ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟಿಗೆ ಮಾತ್ರ ಜಾಗವಿಲ್ಲವೇ? ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು ಇದೇ ವಿದ್ಯೆಯನ್ನು ದಶಕಗಳಿಂದ ಕಲಿಸುತ್ತಿದ್ದಾರೆ. ಆಗದ ಮಾತೇನಲ್ಲ.

ಜನ ಇದನ್ನೆಲ್ಲ ಓದಿ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ ಅನ್ನುವುದು ಇನ್ನೊಂದು ಆಕ್ಷೇಪಣೆ. ಇದಕ್ಕೆ ತೂಕವಿದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ: ಲಯದ ಮಾತ್ರೆಯನ್ನಾಗಲಿ, ರಕ್ತದ ಮಾತ್ರೆಯನ್ನಾಗಲಿ ನೀವಾಗಿ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಅದು ಪಾರ್ಶ್ವವಾಯುವಿಗೆ ಬಾಗಿಲು ತೆರೆದಂತೆ. ಅನುಮಾನ ಬಂದರೆ ಆ ಮಾತ್ರೆ ಬರೆದ ಹೃದ್ರೋಗದ ಡಾಕ್ಟರನ್ನು ಕೇಳಿ. ನೋಡಿ, ಯಾವ ಡಾಕ್ಟರು ಅಂತ ಹೇಳಿದರೆ ಅದು ಸಲಹೆ. ಹೋಗುವಾಗ ಮಾತ್ರೆ, ಕ್ಯಾಪ್ಸೂಲು, ಕಷಾಯದ ಪುಡಿ ಎಲ್ಲವನ್ನೂ ಡಬ್ಬಿ ಸಮೇತ ತಗೊಂಡು ಹೋಗಿ, ಹೋದ ಆರು ತಿಂಗಳಲ್ಲಿ ನಿಲ್ಲಿಸಿದ್ದನ್ನೂ ಸೇರಿಸಿ. ಹೊಟ್ಟೆ ತೊಳೆಸು, ಕಣ್ಣಿಗೆ ಹಳದಿ ಹಳದಿ ಕಾಣುವುದು, ತಲೆಸುತ್ತು, ವಸಡಿನಲ್ಲಿ ರಕ್ತ, ಕಪ್ಪು ಮಲ, ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿನ ತನಕ ಕಾಯಬೇಡಿ.

ಅಡ್ಡ ಪರಿಣಾಮವಾದರೆ ದೂರು ಕೊಡುವುದಕ್ಕೆ ಸರ್ಕಾರದ್ದೇ ವ್ಯವಸ್ಥೆ ಇದೆ, 2010ರಿಂದ. ಟೋಲ್ ಫ್ರೀ ನಂಬರು 1800-180-3024. ರೋಗಿಯಾಗಲಿ, ಮನೆಯವರಾಗಲಿ ನೇರವಾಗಿ ತಿಳಿಸಬಹುದು, ಅದಕ್ಕೆ ಕನ್ನಡದ ಫಾರಮ್ಮೇ ಇದೆ. ಹೋದ ತಿಂಗಳು ನಮ್ಮ ಏರಿಯಾದ ಏಳು ಮೆಡಿಕಲ್ ಶಾಪುಗಳಲ್ಲಿ ಆ ಫಾರಮ್ ಇದೆಯಾ ಅಂತ ಕೇಳಿಕೊಂಡು ಬಂದೆ. ಆರು ಕಡೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಏಳನೆಯ ಕಡೆ ಕೌಂಟರಿನ ಹುಡುಗ ನನ್ನ ಫೋನಿನಲ್ಲಿದ್ದ ಫಾರಮ್ಮಿನ ಫೋಟೋ ತೆಗೆದುಕೊಂಡ, ‘ಸರ್ ಬಂದ್ಮೇಲೆ ತೋರಿಸ್ತೀನಿ ಮೇಡಂ’ ಅಂದ.